ಬಲಗೆನ್ನೆಯ ಮಚ್ಚೆ

ಅಕ್ಕನ ಬಗ್ಗೆ ಯಾರು ಏನು ಬರೆದರೂ ಒಂದು ಸಾಲು ತಪ್ಪದೆ ಬರುತ್ತದೆ. ಬಹರೈನಿನಲ್ಲಿ ಬೆಳೆದ ಈ ಅಮೆರಿಕನ್ ನಟಿ ಚಿಕ್ಕಂದಿನಲ್ಲೇ ಜಾಹೀರಾತಿನ ಮಾಡೆಲ್ ಆಗಿದ್ದಳು, ಅಲ್ಲಿಂದ ನಟನೆಗೆ ಬಂದಳು, ಅಂತ. ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಸುಳ್ಳೇನೂ ಅಲ್ಲ. ಆದರೆ ಮದುವೆಮನೆಯಲ್ಲಿ ಹೊಟ್ಟೆತುಂಬ ಉಂಡು ಬಂದವರು ಉಪ್ಪಿನಕಾಯಿ ಚೆನ್ನಾಗಿತ್ತು ಅಂತಷ್ಟೇ ಹೇಳಿದ ಹಾಗಾಯಿತು. ನಗುತ್ತಾ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೂ ಇನ್ನೊಬ್ಬರೇ ಆಗಿ ನಿಲ್ಲುವುದಕ್ಕೂ ಎಷ್ಟು ದೂರ ಇದೆ ಎಂಬುದು ಆ ಸಾಲು ಬರೆಯುವವರಿಗೆ ಗೊತ್ತಿಲ್ಲ. ಅಕ್ಕ ಆ ದೂರವನ್ನು ದಾಟಿದ್ದು ಒಂದು ಶುಕ್ರವಾರ, ಮನಾಮಾದ ಗುಫೂಲ್ ಬಡಾವಣೆಯ ನಮ್ಮ ಮನೆಯಿಂದ ಹೊರಟು ವಾಪಸು ಮನೆಗೆ ಬರುವಷ್ಟರಲ್ಲಿ. ಆಗ ಅವಳಿಗೆ ಎಂಟು ವರ್ಷ, ನನಗೆ ಆರು. ಇಡೀ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಈಗ ನಾನು ಇದೇ ಊರಿನ ಶಾಲೆಯೊಂದರಲ್ಲಿ ಟೀಚರು. ಅಕ್ಕ ನ್ಯಾಯಾಧೀಶೆಯಾಗಿ ನಟಿಸುವ ಧಾರಾವಾಹಿಯ ಹೊಸ ಕಂತು ಬಂದ ಮರುದಿನ ನನ್ನ ತರಗತಿಯ ಮಕ್ಕಳು, "ಮಿಸ್, ಆ ಜಡ್ಜ್ ನಿಜವಾಗ್ಲೂ ನಿಮ್ಮ ಸಿಸ್ಟರಾ?" ಅಂತ ಕೇಳುತ್ತಾರೆ. ನನ್ನ ಮೂಗು ನೋಡಿದರೆ ಅವರಿಗೆ ಅನುಮಾನ ಬರುವುದು ಸಹಜವೇ. ಹೌದು ಮಕ್ಕಳೇ, ನನ್ನವಳೇ, ಅನ್ನುತ್ತೇನೆ. ಹಾಗನ್ನುವಾಗ ನನಗೆ ಈಗಲೂ ಹೆಮ್ಮೆ.

ಗುಫೂಲಿನ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಹಾಲ್, ಅಲ್ಯುಮಿನಿಯಂ ಕಿಟಕಿ ಕೂರಿಸಿ ಮುಚ್ಚಿದ ಒಂದು ಬಾಲ್ಕನಿ. ಕಿಟಕಿಗೆ ಸಿಕ್ಕಿಸಿದ ಏಸಿ ಗರಗರ ಅನ್ನುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಎಲ್ಲರದೂ ಏರುದನಿ. ಚಳಿಗಾಲದಲ್ಲಿ ಏಸಿ ಆರಿಸಿದ ಮೇಲೂ ಅದೇ ಅಭ್ಯಾಸದಲ್ಲಿ ಕಿರುಚಿಕೊಂಡೇ ಮಾತಾಡುತ್ತಿದ್ದೆವು. ಹೊಸದಾಗಿ ಬಂದ ನೆಂಟರು ಜಗಳ ಆಗುತ್ತಿದೆ ಅಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. ನಲ್ಲಿಯ ನೀರು ಉಪ್ಪು, ಕುಡಿಯುವ ಸಿಹಿನೀರು ಕ್ಯಾನಿನಲ್ಲಿ ಬರಬೇಕು. ದೇವರು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಕುಚ್ಚಲಕ್ಕಿಯ ಡಬ್ಬದ ಪಕ್ಕ. ಬೀದಿ ತಿರುವಿನ ಬೇಕರಿಯಿಂದ ಅಪ್ಪ ಬಿಸಿ ಖುಬ್ಬೂಸ್ ರೊಟ್ಟಿ ತಂದರೆ ನಾವಿಬ್ಬರೂ ಅದನ್ನು ಹರಿದು ಮೆಂತೆ ತಂಬುಳಿಗೆ ಅದ್ದಿ ತಿನ್ನುತ್ತಿದ್ದೆವು. ಜಗತ್ತಿನ ಎಲ್ಲ ಮಕ್ಕಳೂ ಹೀಗೇ ತಿನ್ನುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಮನೆಯ ರಾಜ್ಯಭಾರ ನಡೆಯುತ್ತಿದ್ದುದು ಮಾತ್ರ ಅಮ್ಮನ ಕನ್ನಡಿ ಮೇಜಿನ ಎದುರು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅಮ್ಮ ಸ್ಟೂಲಿನ ಮೇಲೆ ಕುಳಿತು ನಮ್ಮನ್ನು ಒಬ್ಬೊಬ್ಬರಾಗಿ ಕನ್ನಡಿಗೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಜಡೆ ಹೆಣೆದು, ಪೌಡರ್ ಬಳಿದು, ಕೊನೆಗೆ ಊರಿಂದ ಬಂದ ಕಾಡಿಗೆಯನ್ನು ತೋರುಬೆರಳಿಗೆ ಹಚ್ಚಿಕೊಂಡು ಹಿಂದಿನಿಂದಲೇ ಬಲಗೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು. ನನಗೆ ಇಡುವಾಗ ಒಂದು ಚುಕ್ಕಿ, ಮುಗಿಯಿತು. ಅಕ್ಕನಿಗೆ ಇಡುವಾಗ ಅಮ್ಮನ ಬೆರಳು ಒಂದು ಕ್ಷಣ ಅಲ್ಲೇ ನಿಲ್ಲುತ್ತಿತ್ತು. ಅಕ್ಕ ಮೇದಿನಿ ಅಷ್ಟು ಚಂದ ಇದ್ದಳು. ನನಗೆ ಇದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಯಾಕೆಂದರೆ ನನಗೂ ಅವಳನ್ನು ನೋಡುತ್ತಾ ಕೂರುವುದು ಇಷ್ಟವಿತ್ತು.

ಮಾಡೆಲಿಂಗ್ ಶುರುವಾಗಿದ್ದೇ ಒಂದು ಆಕಸ್ಮಿಕ. ಮನಾಮಾದ ಹಳೆಯ ಸೂಕಿನಲ್ಲಿ, ಅಂದರೆ ಪೇಟೆಬೀದಿಯಲ್ಲಿ, ಅಮ್ಮ ಪರದೆಬಟ್ಟೆಗೆ ಚೌಕಾಸಿ ಮಾಡುತ್ತಿದ್ದಳು. ಆ ಅಂಗಡಿಯ ಒಳಗೆ ಈದ್ ಹಬ್ಬದ ಜಾಹೀರಾತಿಗೆ ಫೋಟೊ ತೆಗೆಯುತ್ತಿದ್ದರು. ಕರೆತಂದ ಮಗು ರಚ್ಚೆ ಹಿಡಿದು ಅಳುತ್ತಿತ್ತು. ಕೌಂಟರಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಐದು ವರ್ಷದ ಅಕ್ಕನನ್ನು ನೋಡಿದ ಅಂಗಡಿಯ ಅರಬ್ಬಿ ಯಜಮಾನರು ಅಮ್ಮನ ಕಡೆ ತಿರುಗಿ, ಪರದೆಬಟ್ಟೆ ನೀವು ಹೇಳಿದ ಬೆಲೆಗೇ ಕೊಡುತ್ತೇನೆ, ಮಗುವಿಗೆ ಆ ಗುಲಾಬಿ ಫ್ರಾಕ್ ಒಮ್ಮೆ ಹಾಕಿ, ಅಂದರು. ಚೌಕಾಸಿಯಲ್ಲಿ ಗೆದ್ದ ಸಂತೋಷದಲ್ಲಿ ಅಮ್ಮ ಹೂಂ ಅಂದುಬಿಟ್ಟಳು. ಅಕ್ಕನ ಕೆನ್ನೆಯ ಬೊಟ್ಟು ಒರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಚ್ಚಾಗಿ ಬಂದ ಚಿತ್ರ ನೋಡಿದ ಅಂಗಡಿಯ ಹೆಂಗಸರೆಲ್ಲ, ಆಹಾ, ಎಂಥ ಶಾಮಾ ಇಟ್ಟಿದ್ದಾನಪ್ಪ ದೇವರು ಈ ಮಗುವಿಗೆ, ಅಂದರಂತೆ. ಶಾಮಾ ಅಂದರೆ ಅರಬ್ಬಿಯಲ್ಲಿ ಮಚ್ಚೆ. ಕಾಡಿಗೆಯ ಬೊಟ್ಟು ಹುಟ್ಟುಮಚ್ಚೆಯಾದದ್ದು ಹೀಗೆ.

ಫೋಟೊ ಕಂಪನಿಯ ಪರವಾಗಿ ನಮ್ಮ ಮನೆಗೆ ಬರುತ್ತಿದ್ದವರು ಥಾಮಸ್ ಅಂಕಲ್ ಅಂತ, ಕೇರಳದವರು. ಇನ್ನೊಂದು ಅಂಗಡಿ, ಅನಂತರ ಒಂದು ಬಿಸ್ಕತ್ತು, ಆಮೇಲೆ ಶಾಲೆಯ ಬ್ಯಾಗು, ಎಲ್ಲರೂ ಆ ಮಚ್ಚೆಯ ಹುಡುಗಿಯೇ ಬೇಕು ಅನ್ನತೊಡಗಿದಾಗ ಅವರಿಗೆ ನಿಜ ಗೊತ್ತಾಯಿತು. ಅವರು ಒಂದಿಷ್ಟು ಹೊತ್ತು ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ, ಯಾರಿಗೂ ಹೇಳುವುದು ಬೇಡ, ಅದು ಮಚ್ಚೆಯೇ ಅಂತ ಇರಲಿ, ಅಂದರು. ಅಮ್ಮನಿಗೆ ಬೇಕಾಗಿದ್ದೂ ಅದೇ. ಬೊಟ್ಟು ಅಂತ ಗೊತ್ತಾದರೆ ಒರೆಸು ಅನ್ನುತ್ತಾರೆ, ಮಚ್ಚೆ ಅಂದರೆ ಯಾರು ಒರೆಸಲು ಹೋಗುತ್ತಾರೆ? ಆದರೆ ಅವರಿಬ್ಬರ ನಡುವೆ ಗಾತ್ರದ ಜಗಳ ಮುಗಿಯಲೇ ಇಲ್ಲ. ಥಾಮಸ್ ಅಂಕಲಿಗೆ ಸಾಸಿವೆಯಷ್ಟು, ದುಂಡಗೆ ಬೇಕು. ಅಮ್ಮನ ವಾದ ಬೇರೆ: ಬೊಟ್ಟು ಇಡುವುದೇ ಮುಖದ ಚಂದ ಒಂದಿಷ್ಟು ಕೆಡಲಿ ಅಂತ, ನೋಡುವವರ ಕಣ್ಣು ಅಲ್ಲಿ ಎಡವಲಿ ಅಂತ. ಇವರೆಲ್ಲ ಬೊಟ್ಟನ್ನೇ ಮೆಚ್ಚಿಕೊಂಡು ಕೂತರೆ ಅದು ಕೆಲಸ ಮಾಡುವುದಾದರೂ ಹೇಗೆ?

"ಸ್ವಲ್ಪ ದೊಡ್ಡ, ಸ್ವಲ್ಪ ಸೊಟ್ಟ ಇರ್ಬೇಕು ಮಾರಾಯ್ರೆ. ಇಲ್ಲದಿದ್ರೆ ಅದು ಬೊಟ್ಟಲ್ಲ, ಶೋಕಿ."

"ಹಾಗಾದ್ರೆ ಒಂದು ದೋಸೆಯಷ್ಟು ದೊಡ್ಡ ಹಾಕು ಮಾರಾಯ್ತಿ," ಎಂದು ಅಪ್ಪ ಪೇಪರಿನ ಹಿಂದಿನಿಂದ ಅನ್ನುತ್ತಿದ್ದರು. ಅಪ್ಪ ಮನಾಮಾದ ಒಂದು ಕಂಪನಿಯಲ್ಲಿ ಮ್ಯಾನೇಜರು. ಮಗಳ ಫೋಟೊ ಬಂದ ಪೇಪರನ್ನು ಆಫೀಸಿನ ಮೇಜಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ, ಮರೆತು ಬಿಟ್ಟವರಂತೆ ಬಿಡುವುದು ಅವರ ಜಾಣತನ.

ಫೋಟೊ ತೆಗೆಯುವಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು, ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲವಲ್ಲ. ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿ, ಅಕ್ಕ ನಗುವ ಹಾಗೆ ಏನಾದರೂ ಮಾಡು, ಅನ್ನುತ್ತಿದ್ದರು. ಆ ಚಿತ್ರಗಳಲ್ಲೆಲ್ಲ ಅವಳು ನಗುತ್ತಿರುವುದು ನನ್ನ ಕೋತಿಚೇಷ್ಟೆಗೆ. ಆದರೆ ಅವಳಿಗೆ ನನ್ನ ಸಹಾಯ ಅಷ್ಟೇನೂ ಬೇಕಿರಲಿಲ್ಲ. ಬೇರೆ ಮಕ್ಕಳು ದೀಪದ ಶಾಖಕ್ಕೆ ಬೆವರಿ, ಬಾಯಾರಿ, ಅಮ್ಮಾ ಅಂತ ರಾಗ ಎಳೆಯುವಾಗ ಅಕ್ಕ ಹೇಳಿದಲ್ಲಿ ಹೇಳಿದ ಹಾಗೆ ನಿಂತಿರುತ್ತಿದ್ದಳು. ಕಣ್ಣು ಮಾತ್ರ ಓಡಾಡುತ್ತಿತ್ತು. ದೀಪ ಹಿಡಿದವರು ಆಕಳಿಸುವುದು, ಥಾಮಸ್ ಅಂಕಲ್ ಫೋನಿನಲ್ಲಿ ಒಬ್ಬರ ಹತ್ತಿರ ಒಂದು ದನಿ, ಇನ್ನೊಬ್ಬರ ಹತ್ತಿರ ಇನ್ನೊಂದು ದನಿ ತೆಗೆಯುವುದು, ಯಾವುದನ್ನೂ ಅವಳು ಬಿಡುತ್ತಿರಲಿಲ್ಲ. ಮನೆಗೆ ಬಂದು ಬಾಲ್ಕನಿಯ ಬಾಗಿಲು ಹಾಕಿಕೊಂಡು ಅವರನ್ನೆಲ್ಲ ನನಗೊಬ್ಬಳಿಗೇ ಮಾಡಿ ತೋರಿಸುತ್ತಿದ್ದಳು. ನಾನು ನಕ್ಕು ನಕ್ಕು ಒಣಹಾಕಿದ ಬಟ್ಟೆಯ ನಡುವೆ ಬಿದ್ದು ಹೊರಳಾಡುತ್ತಿದ್ದೆ. ದೊಡ್ಡವರಿಗೆ ಈ ವಿಷಯ ಗೊತ್ತಿರಲಿಲ್ಲ. ಅವರ ಪಾಲಿಗೆ ಅಕ್ಕ ಒಂದು ಚಂದದ ಮುಖ ಮಾತ್ರ.

ಹಾಗಿರುವಾಗ ಮನಾಮಾದ ಒಂದು ದೊಡ್ಡ ಅಂಗಡಿಯ ಗೋಡೆಯ ಮೇಲೆ ಆಳೆತ್ತರದ ಅಕ್ಕ ಬಂದಳು. ಅದೇ ವಾರ ಅವಳಿಗೆ ಜ್ವರ ಬಂತು, ಮೈತುಂಬ ನೀರುಗುಳ್ಳೆ ಎದ್ದಿತು. ಅವಳ ತರಗತಿಯ ಅರ್ಧ ಮಕ್ಕಳಿಗೆ ಆಗ ಸೀತಾಳೆ ಸಿಡುಬು ಎದ್ದಿತ್ತು ಎಂದು ಡಾಕ್ಟರು ಹೇಳಿದರೂ ಅಮ್ಮ ಒಪ್ಪಲಿಲ್ಲ. ಊರಿನವರ ಕಣ್ಣೆಲ್ಲ ಒಂದೇ ಮಗುವಿನ ಮೇಲೆ ಬಿದ್ದರೆ ಆಗುವುದೇ ಹೀಗೆ ಅಂದಳು. ಅವಳು ಹೆದರಿದ್ದು ನಾಟಕವಲ್ಲ. ಜ್ವರದ ಆ ದಿನಗಳಲ್ಲಿ ಅಕ್ಕನ ಮಂಚದ ಪಕ್ಕ ನೆಲದಲ್ಲಿ ಕೂತು, ಅವಳ ಪಾದ ಹಿಡಿದುಕೊಂಡು ಅಮ್ಮ ಬಿಕ್ಕುತ್ತಿದ್ದುದನ್ನು ನಾನು ನೋಡಿದ್ದೇನೆ. ಉಪ್ಪು, ಸಾಸಿವೆ, ಒಣಮೆಣಸು ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದ್ದಕ್ಕೆ ಇಡೀ ಮಹಡಿಯೇ ಕೆಮ್ಮಿ, ಕಟ್ಟಡ ಕಾಯುವ ನಾತೂರ್ ಮೇಲೆ ಓಡಿಬಂದು ಬಾಗಿಲು ಬಡಿದ. ಗುಳ್ಳೆ ಕಲೆಯಿಲ್ಲದೆ ಮಾಯಿತು. ಅಮ್ಮ ಅಪ್ಪನನ್ನು ಎದುರು ಕೂರಿಸಿಕೊಂಡು ತೀರ್ಮಾನ ಹೇಳಿದಳು.

"ನೋಡಿ, ಇಷ್ಟು ದಿನ ನಿಮ್ಮ ಸಂತೋಷಕ್ಕೆ ಅಂತ ಸುಮ್ಮನಿದ್ದೆ. ಇನ್ನು ಮೇಲೆ ಒಂದೇ ಒಂದು ಸಲ ನನ್ನ ಮಗು ಬೊಟ್ಟಿಲ್ಲದೆ ನಾಲ್ಕು ಜನರ ಎದುರು ನಿಂತ್ರೆ ಅಲ್ಲಿಗೆ ಮುಗೀತು. ಮತ್ತೆ ಈ ಫೋಟೊ ಗೀಟೊ ಎಂತದೂ ಇಲ್ಲ. ನಾನು ಹೇಳಿದ್ರೆ ಹೇಳಿದ್ದೇ."

ಅಮ್ಮ ಹೇಳಿದರೆ ಹೇಳಿದ್ದೇ ಎಂಬುದು ನಮಗೆಲ್ಲ ಗೊತ್ತಿತ್ತು. ಅಕ್ಕ ಅಂದಿನಿಂದ ಬೊಟ್ಟನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಬೆವರು ಬಂದರೆ ಬಲಗೆನ್ನೆ ಬಿಟ್ಟು ಉಳಿದದ್ದೆಲ್ಲ ಒರೆಸಿಕೊಳ್ಳುತ್ತಿದ್ದಳು. ಫೋಟೊ ನಿಂತುಹೋದರೆ ದೀಪವಿಲ್ಲ, ಹೊಸ ಜನರಿಲ್ಲ, ಬಾಲ್ಕನಿಯಲ್ಲಿ ನನಗೆ ಮಾಡಿ ತೋರಿಸಲು ಯಾರೂ ಇಲ್ಲ. ಅವಳಿಗೆ ಅದಿಲ್ಲದೆ ಆಗುತ್ತಿರಲಿಲ್ಲ.

ಅದೇ ವರ್ಷ ಅಪ್ಪನ ತಾಯಿ, ನಮ್ಮ ಅಜ್ಜಿ, ವಿಸಿಟ್ ವೀಸಾದಲ್ಲಿ ಬಂದರು. ಹಪ್ಪಳ, ಸಂಡಿಗೆ, ನಂದಿಬಟ್ಟಲು ಹೂವಿನ ರಸದಲ್ಲಿ ಬಟ್ಟೆ ನೆನೆಸಿ ಬತ್ತಿ ಹೊಸೆದು ತಾವೇ ಕಟ್ಟಿದ ಹೊಸ ಕಾಡಿಗೆ, ಅದರ ಜೊತೆಗೆ ಊರಿನ ಮಡಿ ಮೈಲಿಗೆ, ಎಲ್ಲವನ್ನೂ ತಂದರು. ಅಲ್ಲಿಯವರೆಗೆ ತಿಂಗಳ ಎಲ್ಲ ದಿನವೂ ನಮ್ಮನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ ಅಮ್ಮ ಈಗ ಮೂರು ದಿನ ಬಾಲ್ಕನಿಯಲ್ಲಿ ಚಾಪೆ ಹಾಕಿಕೊಂಡು ಹೊರಗೆ ಕೂರತೊಡಗಿದಳು. ಬೇರೆ ತಟ್ಟೆ, ಬೇರೆ ಲೋಟ. ನಾವು ಹತ್ತಿರ ಹೋದರೆ, "ಮುಟ್ಟಬೇಡಿ ಮಕ್ಕಳೇ, ಅಮ್ಮನಿಗೆ ಕಾಗೆ ಮುಟ್ಟಿದೆ," ಎಂದು ಅಜ್ಜಿ ತಡೆಯುತ್ತಿದ್ದರು. ಎಲ್ಲ ಕಿಟಕಿಯೂ ಮುಚ್ಚಿಕೊಂಡಿರುವ ನಾಲ್ಕನೆಯ ಮಹಡಿಗೆ ಅದು ಯಾವ ಕಾಗೆಯಪ್ಪ, ಬರುವುದಾದರೂ ಎಲ್ಲಿಂದ, ಎಂದು ನಾನು ತಲೆಕೆಡಿಸಿಕೊಂಡೆ. ಈಗ ನೆನೆದರೆ ನನಗೆ ಸಿಟ್ಟೇ ಬರುತ್ತದೆ, ಅಜ್ಜಿಯ ಮೇಲಲ್ಲ, ಆ ಚಾಪೆಯ ಮೇಲೆ.

ಆಗಲೇ ಥಾಮಸ್ ಅಂಕಲ್ ದೊಡ್ಡ ಸುದ್ದಿ ತಂದರು. ಒಂದು ಹಾಲಿನ ಪುಡಿಯ ಜಾಹೀರಾತು, ಫೋಟೊ ಅಲ್ಲ, ಟೀವಿಗೆ. ಎಲ್ಲ ಗಲ್ಫ್ ದೇಶಗಳಲ್ಲೂ ಬರುತ್ತದೆ. ತೆಗೆಯುವವರು ಅಮೆರಿಕದ ಒಬ್ಬ ಮೇಡಂ. ಮಚ್ಚೆಯ ಹುಡುಗಿಯ ಫೋಟೊ ನೋಡಿ ಅವರೇ ಕೇಳಿದ್ದಂತೆ. ಶುಕ್ರವಾರ ಬೆಳಿಗ್ಗೆ ಜುಫೈರಿನಲ್ಲಿ. ಅಮ್ಮ ಎರಡು ದಿನ ಯೋಚಿಸಿ ಒಪ್ಪಿದಳು, ತಾನೇ ಜೊತೆಗೆ ಬಂದು ಬೊಟ್ಟಿನ ಮೇಲೆ ನಿಗಾ ಇಡುವುದೆಂದು. ಗುರುವಾರ ಅಮ್ಮನಿಗೆ ಕಾಗೆ ಮುಟ್ಟಿತು.

ಶುಕ್ರವಾರ ಬೆಳಿಗ್ಗೆ ನಮ್ಮನ್ನು ಹೊರಡಿಸಿದ್ದು ಅಜ್ಜಿ. ಅವರು ಕನ್ನಡಿಯ ಹತ್ತಿರ ಹೋಗಲಿಲ್ಲ. ಹಾಲಿನ ನೆಲದಲ್ಲಿ ಕಾಲು ನೀಡಿ ಕೂತು, ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಬಾಲ್ಕನಿಯ ಬಾಗಿಲ ಆಚೆಯಿಂದ ಅಮ್ಮನ ದನಿ ಬಂತು.

"ಅತ್ತೆ, ಕನ್ನಡಿ ಎದುರು ಕೂರಿಸಿ ಬೊಟ್ಟು ಇಡಿ ಆಯ್ತಾ. ಸ್ವಲ್ಪ ದೊಡ್ಡದು ಇಡಿ."

"ಬೊಟ್ಟು ಇಡ್ಲಿಕ್ಕೆ ನನಗೆ ಕಲಿಸ್ತೀಯಾ ನೀನು? ನಿನ್ನ ಗಂಡನಿಗೂ ಇಟ್ಟವಳು ನಾನೇ," ಅಂದರು ಅಜ್ಜಿ. ಎದುರು ಕೂತ ಮಗುವಿಗೆ ಬಲಗೈಯಲ್ಲಿ ಬೊಟ್ಟಿಟ್ಟರೆ ಅದು ಬೀಳುವುದು ಎಡಗೆನ್ನೆಗೆ. ಎದುರು ಕೂತು ಇಡುವವರು ಇಡುವುದೂ ಹಾಗೆಯೇ, ಅಜ್ಜಿಯದೇನೂ ತಪ್ಪಿಲ್ಲ. ನಮ್ಮನ್ನು ಕರೆದುಕೊಂಡು ಹೋದದ್ದು ಅಪ್ಪ. ಅಮ್ಮ ಹೊಸ ಸೀರೆ ಉಟ್ಟರೂ ಹಳೆಯದು ಉಟ್ಟರೂ ಒಂದೇ ಥರ ನೋಡುವ ಅಪ್ಪನಿಗೆ ಎಡ ಯಾವುದು ಬಲ ಯಾವುದು! ಲಿಫ್ಟಿನ ಕನ್ನಡಿಯಲ್ಲಿ ಅಕ್ಕ ತನ್ನ ಮುಖ ನೋಡಿಕೊಂಡು ಗಟ್ಟಿಯಾಗಿ ನನ್ನ ಕೈ ಹಿಡಿದಳು. ಅಜ್ಜಿ ಈಚೆ ಇಟ್ಟಿದ್ದಾರೆ ಸಣ್ಣು, ಎಂದು ಕಿವಿಯಲ್ಲಿ ಹೇಳಿದಳು. ಕಾಡಿಗೆ ಮನೆಯಲ್ಲಿತ್ತು. ಲಿಫ್ಟ್ ಕೆಳಗೆ ಇಳಿದಾಗಿತ್ತು.

ಜುಫೈರಿನ ಎತ್ತರದ ಕಟ್ಟಡವೊಂದರಲ್ಲಿ ಬಾಡಿಗೆಗೆ ಹಿಡಿದ ಫ್ಲಾಟು. ಅಡುಗೆಮನೆಯ ಥರ ಸಜ್ಜು ಮಾಡಿದ್ದರು. ತುಂಡುಗೂದಲಿನ ಮೇಡಂ ಕಾಫಿ ಮಗ್ ಹಿಡಿದುಕೊಂಡು ಓಡಾಡುತ್ತಿದ್ದರು. ಅವರ ಸಹಾಯಕಿ ಅಕ್ಕನ ಹಳೆಯ ಫೋಟೊ ಕೈಯಲ್ಲಿ ಹಿಡಿದು, ಒಮ್ಮೆ ಫೋಟೊ, ಒಮ್ಮೆ ಅಕ್ಕನ ಮುಖ ನೋಡಿದಳು. ಮತ್ತೊಮ್ಮೆ ನೋಡಿದಳು. ಮಚ್ಚೆ ಈ ಕಡೆ ಹೇಗೆ ಬಂತು, ಅಂದಳು. ಥಾಮಸ್ ಅಂಕಲ್ ಮುಖದ ಬಣ್ಣ ಹಾರಿಹೋಯಿತು. ಆದರೂ ಸೋಲದೆ, ಫೋಟೊ ಉಲ್ಟಾ ಪ್ರಿಂಟ್ ಆಗಿದೆ ಮೇಡಂ, ಅಂದರು. ಆಕೆ ಫೋಟೊದ ಹಿನ್ನೆಲೆಯಲ್ಲಿದ್ದ ಅಂಗಡಿಯ ಬೋರ್ಡ್ ತೋರಿಸಿದಳು. ಅಕ್ಷರಗಳೆಲ್ಲ ನೆಟ್ಟಗೇ ಇದ್ದವು. ಈಗ ಎಲ್ಲರೂ ನನ್ನ ಕಡೆ ತಿರುಗಿದರು. ಇವಳಿಗೆ ಮನೆಯಲ್ಲಿ ಇನ್ನೊಬ್ಬಳು ಅವಳಿ ಇದ್ದಾಳಾ? ನಮಗೆ ಬೇಕಾದ ಹುಡುಗಿಯನ್ನು ಬಿಟ್ಟು ಇನ್ನೊಬ್ಬಳನ್ನು ಕರೆತಂದಿರಾ? ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಧೈರ್ಯ ಇಲ್ಲ. ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುತ್ತಾ ನಿಂತರು. ಮೇಡಂ ಮಗ್ ಕೆಳಗಿಟ್ಟು ಗಡಿಯಾರ ನೋಡಿದರು. ಇನ್ನೇನು ನಮ್ಮನ್ನು ಮನೆಗೆ ಕಳಿಸುತ್ತಾರೆ ಎಂದು ನನಗೂ ಅರ್ಥವಾಯಿತು.

ಆಗ ಅಕ್ಕ ಅಪ್ಪನ ಕೈಯಿಂದ ಕರವಸ್ತ್ರ ತೆಗೆದುಕೊಂಡಳು. ಮೇಜಿನ ಮೇಲಿನ ಲೋಟದ ನೀರಿಗೆ ಅದ್ದಿ, ಎಲ್ಲರ ಎದುರು, ಎಡಗೆನ್ನೆಯನ್ನು ಒರೆಸಿಕೊಂಡಳು. ಕರಿಯೆಲ್ಲ ಕರವಸ್ತ್ರಕ್ಕೆ ಬಂತು. ಒರೆಸಿದರೆ ಏನಾಗುತ್ತದೆ ಎಂಬುದು ಅಲ್ಲಿದ್ದವರಲ್ಲಿ ಅವಳಿಗೆ, ನನಗೆ ಮತ್ತು ಅಪ್ಪನಿಗೆ ಮಾತ್ರ ಗೊತ್ತಿತ್ತು. ಶಾಲೆಯಲ್ಲಿ ಪದ್ಯ ಹೇಳುವ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು: ಇದು ನಮ್ಮ ಅಜ್ಜಿ ಇಟ್ಟದ್ದು. ಫೋಟೊದಲ್ಲಿ ಇರುವುದು ನಮ್ಮ ಅಮ್ಮ ಇಟ್ಟದ್ದು. ನನಗೆ ಮಚ್ಚೆ ಇಲ್ಲ. ಮೇಡಂ ಹತ್ತಿರ ಬಂದು, ಇದನ್ನು ಯಾಕೆ ಇಡುತ್ತಾರೆ, ಎಂದು ಕೇಳಿದರು. ಎಂಟು ವರ್ಷದ ಮಗು ದೃಷ್ಟಿಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಹೇಗೆ? ಅಕ್ಕ ಒಂದೆರಡು ಮಾತು ಹುಡುಕಿದಳು, ಸಿಗಲಿಲ್ಲ. ನನ್ನನ್ನು ಹತ್ತಿರ ಕರೆದು, ಅಲ್ಲಿದ್ದ ಸ್ಟೂಲಿನ ಮೇಲೆ ತಾನು ಕೂತು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಎಡಗೈಯಲ್ಲಿ ನನ್ನ ಗಲ್ಲವನ್ನು ಅಮುಕಿ ಹಿಡಿದಳು, ಅಮ್ಮ ಹಿಡಿಯುವ ಹಾಗೆ, ಕೆನ್ನೆ ಉಬ್ಬಿ ಬರುವ ಹಾಗೆ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಅಲುಗಾಡ್ಬೇಡ ಅಂತ ಹೇಳ್ಲಿಲ್ವಾ, ಎಂದು ಅಮ್ಮನದೇ ಗದರಿಕೆ. ಬೆರಳು ಬಂದು ಬಲಗೆನ್ನೆಯ ಮೇಲೆ ನಿಂತಿತು, ತೆಗೆಯಲೋ ಬೇಡವೋ ಎಂಬ ಹಾಗೆ ಒಂದು ಕ್ಷಣ ಅಲ್ಲೇ ಇತ್ತು. ಬೆರಳಿನಲ್ಲಿ ಉಳಿದ ಕಾಡಿಗೆಯನ್ನು, ಕಾಡಿಗೆಯೇ ಇರಲಿಲ್ಲ ಅಲ್ಲಿ, ತನ್ನ ಕೂದಲಿಗೆ ಒರೆಸಿಕೊಂಡಳು. ಎದುರಿಗೆ ಇಲ್ಲದ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಎಷ್ಟು ಹೆದರಿಕೆ ಇತ್ತೆಂದರೆ, ನನಗೆ ಅಮ್ಮನೇ ಬಂದಳು ಅನಿಸಿ ಅಳು ಬಂತು. ಆಮೇಲೆ ಸ್ಟೂಲಿನಿಂದ ಇಳಿದು ನೆಲದಲ್ಲಿ ಕಾಲು ನೀಡಿ ಕೂತಳು, ಅಜ್ಜಿಯಾದಳು. ಮುಷ್ಟಿ ಕಟ್ಟಿ ನನ್ನ ಸುತ್ತ ಇಳಿತೆಗೆದು, ದಾರಿ ಕಣ್ಣು, ಬೀದಿ ಕಣ್ಣು, ಕಂಡವರ ಕಣ್ಣು ಎಂದು ಗೊಣಗಿ, ಥೂ ಥೂ ಎಂದು ಉಗುಳಿದಳು. ಅಲ್ಲಿದ್ದವರಲ್ಲಿ ಅಪ್ಪನನ್ನು ಬಿಟ್ಟರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ಮೇಡಂ ಕಣ್ಣು ಒದ್ದೆಯಾಗಿತ್ತು, ದೀಪ ಹಿಡಿದವರು ಆಕಳಿಸಲಿಲ್ಲ. ಜಾಹೀರಾತು ಮಚ್ಚೆ ಇಲ್ಲದೆಯೇ ಆಯಿತು, ಬೇಗನೆ ಆಯಿತು. ಹೊರಡುವಾಗ ಮೇಡಂ ಅಪ್ಪನನ್ನು ಕರೆದು, ಇವಳಿಗೆ ಮಾತಿರುವ ಪಾತ್ರ ಕೊಡಬೇಕು, ಮುಂದಿನ ತಿಂಗಳು ಒಂದು ಮಕ್ಕಳ ಚಿತ್ರ ತೆಗೆಯುತ್ತಿದ್ದೇನೆ, ಕಳಿಸುತ್ತೀರಾ, ಎಂದು ಕೇಳಿದರು. ಅಪ್ಪ ಬರೀ ಕೈ ಕುಲುಕಿದರು.

ಆಮೇಲಿನ ಅಕ್ಕನನ್ನು ಲೋಕ ನೋಡಿದೆ. ಅಪ್ಪ ಅವಳನ್ನು ಅಮೆರಿಕಕ್ಕೆ ಕಳಿಸಿದ್ದು ಅಕೌಂಟ್ಸ್ ಓದಲಿಕ್ಕೆ, ಅವಳು ಓದಿದ್ದು ನಾಟಕ. ಬಾಗಿಲು ತೆರೆದು ಡಾಕ್ಟರು ಕರೆಯುತ್ತಿದ್ದಾರೆ ಎನ್ನುವ ನರ್ಸ್ ಆಗಿ ಅವಳು ಎಷ್ಟು ಧಾರಾವಾಹಿಗಳಲ್ಲಿ ಬಾಗಿಲು ತೆರೆದಳೋ. ಹೆಣದ ಪಾತ್ರವೂ ಬಹಳ ಸಲ ಸಿಕ್ಕಿತು. ಅಷ್ಟು ಹೊತ್ತು ಅಲ್ಲಾಡದೆ ಮಲಗುವವರು ಅಲ್ಲಿ ಬೇರೆ ಇರಲಿಲ್ಲವಂತೆ, ಅದೊಂದು ವಿದ್ಯೆ ಮಾತ್ರ ಮಾಡೆಲಿಂಗಿನಿಂದ ಬಂದದ್ದು. ಸಿಕ್ಕಿದ ಪಾತ್ರ ಎಷ್ಟೇ ಸಣ್ಣದಿರಲಿ ಅವಳು ಗೊಣಗಲಿಲ್ಲ, ಹಗಲು ಹೋಟೆಲಿನಲ್ಲಿ ಬಡಿಸಿ ಸಂಜೆ ರಂಗದ ಮೇಲೆ ಹೋದಳು. ಈಗ ನ್ಯಾಯಾಧೀಶೆಯಾಗಿ ಅವಳು ತೀರ್ಪು ಓದುವ ಮೊದಲು ಸುಮ್ಮನೆ ಕೂರುತ್ತಾಳಲ್ಲ, ಆ ಸುಮ್ಮನಿರುವಿಕೆಗೆ ಜನ ಪ್ರಾಣ ಬಿಡುತ್ತಾರೆ. ಒಮ್ಮೆ ಫೋನಿನಲ್ಲಿ ಕೇಳಿದ್ದೆ, ಇಷ್ಟು ಬೇರೆ ಬೇರೆ ಜನ ಹೇಗೆ ಆಗುತ್ತೀ ಮಾರಾಯ್ತಿ, ಅಂತ. "ಅವ್ರು ಎಂತಕ್ಕೆ ಹೆದರ್ತಾರೆ ಅಂತ ಮೊದ್ಲು ಹುಡುಕ್ತೇನೆ, ಉಳಿದದ್ದು ತನ್ನಷ್ಟಕ್ಕೆ ಬರ್ತದೆ," ಅಂದಳು. ನನಗೆ ಅವಳಷ್ಟು ದೊಡ್ಡ ಕಲಾವಿದೆ ಬೇರೆ ಕಾಣುವುದಿಲ್ಲ. ತಂಗಿ ಎಂಬ ಪಕ್ಷಪಾತ ಇದೆ ಅಂದರೆ ಇರಲಿ.

ಆ ಶುಕ್ರವಾರ ಕಾರಿನಲ್ಲಿ ಅಪ್ಪ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಗುಫೂಲಿಗೆ ತಿರುಗುವಲ್ಲಿ ಒಂದು ಕೋಲ್ಡ್ ಸ್ಟೋರಿನ ಎದುರು, ಅಂದರೆ ಮೂಲೆಯ ಕಿರಾಣಿ ಅಂಗಡಿಯ ಎದುರು, ಗಾಡಿ ನಿಲ್ಲಿಸಿದರು.

"ಇಲ್ಲಿ ಕಾಜಲ್ ಪೆನ್ಸಿಲ್ ಇರ್ಬಹುದು ಮೇದು. ಒಂದು ಚುಕ್ಕಿ ಇಟ್ಕೊಂಡು ಹೋಗುವ. ಅಮ್ಮನಿಗೆ ಗೊತ್ತೇ ಆಗುದಿಲ್ಲ."

"ಬೇಡ ಅಪ್ಪ. ನಾನೇ ಹೇಳ್ತೇನೆ."

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಅಜ್ಜಿ ಅಡುಗೆಮನೆಯಲ್ಲಿದ್ದರು. ಅಕ್ಕ ನೇರ ಬಾಲ್ಕನಿಯ ಬಾಗಿಲಿಗೆ ಹೋಗಿ, ಚಾಪೆಯಿಂದ ದೂರ ನಿಂತಳು. ಅಮ್ಮ ತಲೆಯೆತ್ತಿದವಳು ಮೊದಲು ನೋಡಿದ್ದು ಬಲಗೆನ್ನೆಯನ್ನು, ಆಮೇಲೆ ಎಡಗೆನ್ನೆಯನ್ನು. ಅಕ್ಕ ನಡೆದದ್ದನ್ನೆಲ್ಲ ಬಿಡದೆ ಹೇಳಿದಳು, ತಾನೇ ಒರೆಸಿದ್ದು ಎಂಬುದನ್ನೂ ಹೇಳಿದಳು, ಮುಂದಿನ ತಿಂಗಳ ಚಿತ್ರದ ವಿಷಯವನ್ನೂ ಹೇಳಿದಳು. ಅಮ್ಮನ ಮುಖ ಬಿಳಿಚಿಕೊಂಡಿತು.

"ಬರೀ ಮುಖದಲ್ಲಿ ನಿಂತ್ಯಾ? ಅಷ್ಟು ಜನರ ಎದುರು?" ಅಂದಳು. ಅಪ್ಪನ ಕಡೆ ತಿರುಗಿದಳು. "ಆ ಥಾಮಸಿಗೆ ಫೋನ್ ಮಾಡಿ. ಇನ್ನು ಅವಳು ಎಲ್ಲಿಗೂ ಬರುದಿಲ್ಲ ಅಂತ ಹೇಳಿ. ಈಗ್ಲೇ ಮಾಡಿ."

ಅಪ್ಪ ಫೋನಿನ ಹತ್ತಿರ ಹೋದರು. ಅಕ್ಕ ಅಳಲಿಲ್ಲ, ಹಟ ಮಾಡಲಿಲ್ಲ.

"ಆಯ್ತು ಅಮ್ಮ, ಹೋಗುದಿಲ್ಲ. ಅಲ್ಲಿ ಎಂತ ಮಾಡಿದೆ ಅಂತ ಒಂದು ಸಲ ನೋಡು."

ಕನ್ನಡಿ ಮೇಜಿನ ಸ್ಟೂಲನ್ನು ಎಳೆದು ತಂದು ಅಮ್ಮನ ಎದುರಿಗೆ ಹಾಕಿ, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗಲ್ಲ ಹಿಡಿದಳು, ನಾಲಿಗೆ ಕಚ್ಚಿದಳು, ಗದರಿದಳು. ಬೆರಳು ಕೆನ್ನೆಯ ಮೇಲೆ ನಿಂತಿತು. ಈ ಸಲ ಅವಳು ಕನ್ನಡಿಯನ್ನು ಅಮ್ಮನಲ್ಲೇ ಕಂಡವಳ ಹಾಗೆ, ಅಮ್ಮನನ್ನೇ ನೋಡಿದಳು, ಅಮ್ಮ ದಿನಾ ತನ್ನನ್ನು ನೋಡುವ ಹಾಗೆ. ಅಮ್ಮ ಮೊದಲು ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು.

"ನಾನು ಹೀಗೆ ನೋಡ್ತೇನಾ ನಿನ್ನನ್ನು?"

"ಹೌದು. ದಿನಾ. ನಂಗೆ ಎಂತ ಆಗುದಿಲ್ಲ ಅಮ್ಮ. ಇವತ್ತು ಇಷ್ಟು ಜನ ನೋಡಿದ್ರು, ನಂಗೆ ಖುಷಿಯೇ ಆಯ್ತು."

ಅಮ್ಮ ಚಾಪೆಯಿಂದ ಎದ್ದಳು. ಎರಡು ಹೆಜ್ಜೆಗೆ ಬಂದು ನಮ್ಮಿಬ್ಬರನ್ನೂ ಒಟ್ಟಿಗೆ ಬಾಚಿ ತಬ್ಬಿಕೊಂಡಳು. ಅಕ್ಕನ ಬರಿಗೆನ್ನೆಗೆ ತನ್ನ ಕೆನ್ನೆ ಒತ್ತಿ ಗಳಗಳನೆ ಅತ್ತಳು. ಆ ಅಳುವಿನ ನಡುವೆಯೇ, "ನೋಡಿ, ಫೋನ್ ಮಾಡುದು ಬೇಡ," ಎಂದು ಅಪ್ಪನಿಗೆ ಕೂಗಿ ಹೇಳಿದಳು. ಅವಳ ಭುಜದ ಮೇಲಿಂದ ನಾನು ಅಡುಗೆಮನೆಯ ಬಾಗಿಲನ್ನು ನೋಡಿದೆ. ದೃಷ್ಟಿ ತೆಗೆಯಲೆಂದು ಮುಷ್ಟಿಯಲ್ಲಿ ಉಪ್ಪು ಮೆಣಸು ಹಿಡಿದುಕೊಂಡು ಅಜ್ಜಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೊರಗೆ ಕೂತ ಸೊಸೆ ಎರಡು ಮಕ್ಕಳನ್ನೂ ತಬ್ಬಿಕೊಂಡಿರುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅಮ್ಮನಿಗೂ ಅದು ಗೊತ್ತಾಯಿತು. ಅವಳ ಮೈ ಬಿಗಿಯಿತು, ಆದರೆ ಕೈ ಬಿಡಲಿಲ್ಲ. ಅಪ್ಪ ಫೋನ್ ಹಿಡಿದುಕೊಂಡು ಎರಡೂ ಕಡೆ ನೋಡಿದರು. ಅಜ್ಜಿ ಹಾಲಿಗೆ ಬಂದರು, ಗೋಡೆ ಹಿಡಿದುಕೊಂಡು ನಿಧಾನಕ್ಕೆ ನೆಲದ ಮೇಲೆ ಕೂತರು, ಕಾಲು ನೀಡಿದರು. ಮುಷ್ಟಿಯಲ್ಲಿದ್ದುದನ್ನು ಪಕ್ಕಕ್ಕೆ ಇಟ್ಟು ಅಕ್ಕನನ್ನು ನೋಡಿದರು.

"ಅಮ್ಮನದ್ದು ಆಯ್ತಲ್ಲ. ಇನ್ನು ನನ್ನದು ಮಾಡು ನೋಡುವ."